ಅಲ್ಲಿ ಕೂತವರಿಗೆ ಇಲ್ಲಿನ ಉಸಾಬರಿ ಯಾಕೆ?

ಮ್ಯಾನ್ಮಾರ್ ಬಗ್ಗೆ ಕಾರ್ಯಕ್ರಮ ಮಾಡಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ. ಟೋಕಿಯೋದಲ್ಲೋ ಲಂಡನ್‌ನಲ್ಲೋ ನೆಲೆಸಿರೋ ಬರ್ಮೀಯರು ಮೂರು ಬೆರಳು ಎತ್ತಿ, ಸೇನಾ ಸರ್ಕಾರದ ವಿರುದ್ಧ ಘೋಷಣೆ ಕೂಗ್ತಿರೋ ದೃಶ್ಯ ತೋರಿಸ್ತೀವಿ. ತಕ್ಷಣ ವೀಕ್ಷಕರು ಕೇಳ್ತಾರೆ: "ಇವರು ಅಲ್ಲಿ ಬೆಚ್ಚಗೆ ಕೂತ್ಕೊಂಡು ಊರಲ್ಲಿರೋರನ್ನ ಬೀದಿಗಿಳೀರಿ ಅಂತಾರಲ್ಲ, ಗುಂಡು ಬೀಳೋದು ಯಾರ ಎದೆಗೆ?"

ನ್ಯಾಯವಾದ ಪ್ರಶ್ನೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರಿಗಂತೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ. ಮಗ ಅಮೆರಿಕದಲ್ಲಿ, ಮಗಳು ಆಸ್ಟ್ರೇಲಿಯಾದಲ್ಲಿ. ಮನೆಯ ವಾಟ್ಸಾಪ್ ಗುಂಪಲ್ಲಿ ಅಲ್ಲಿಂದ ಒಬ್ಬ ಇಲ್ಲಿನ ಸರ್ಕಾರದ ಬಗ್ಗೆ, ಇಲ್ಲಿನ ಧರಣಿ ಬಗ್ಗೆ ಉದ್ದಕ್ಕೆ ಬರೀತಾನೆ. ಇಲ್ಲಿಂದ ಚಿಕ್ಕಪ್ಪ ಒಂದೇ ಸಾಲಲ್ಲಿ ಮುಗಿಸ್ತಾರೆ: "ಮಳೆಗಾಲದಲ್ಲಿ ಒಂದ್ ತಿಂಗಳು ಇಲ್ಲಿ ಬಂದು ಇರಪ್ಪ, ಆಮೇಲೆ ಮಾತಾಡು." ಗುಂಪು ಎರಡು ದಿನ ತಣ್ಣಗಾಗುತ್ತೆ. ಯಾರದೋ ಗೃಹಪ್ರವೇಶದ ಫೋಟೋ ಬಂದ ಮೇಲೆ ಮತ್ತೆ ಶುರು.

ಮನೆಯ ಜಗಳ ಅಲ್ಲಿಗೆ ಮುಗಿಯುತ್ತೆ. ದೇಶದಲ್ಲಿ ಪತ್ರಿಕೆಗೆ ಬೀಗ ಬಿದ್ದಾಗ, ವಿರೋಧ ಮಾಡಿದವರು ಜೈಲಲ್ಲಿರುವಾಗ ಇದೇ ಜಗಳ ಬೇರೆ ರೂಪ ತಾಳುತ್ತೆ. ನಮ್ಮ ದೇಶದಲ್ಲೇ ಅದು ಒಮ್ಮೆ ನಡೆದಿದೆ. ಆ ಕಥೆಯ ಒಂದು ತುದಿ ಚಿಕಾಗೋದಲ್ಲಿದೆ, ಇನ್ನೊಂದು ತುದಿ ನಮ್ಮ ಚಿಕ್ಕಮಗಳೂರಲ್ಲೇ ಇದೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆ ಆಯ್ತು. ಒಂದು ವಿಷಯ ಮೊದಲೇ ಸ್ಪಷ್ಟ ಮಾಡ್ತೀನಿ. ಅದು ಮಿಲಿಟರಿ ಆಡಳಿತ ಅಲ್ಲ. ಸೈನ್ಯ ತನ್ನ ಬ್ಯಾರಕ್‌ನಲ್ಲೇ ಇತ್ತು, ಆಳ್ತಿದ್ದದ್ದು ಓಟಿನಿಂದ ಬಂದ ಸರ್ಕಾರ, ಬಳಸಿದ್ದು ಸಂವಿಧಾನದ 352ನೇ ವಿಧಿ. ಆದರೆ ಜೈಲೊಳಗೆ ಇದ್ದವರಿಗೆ ಈ ವ್ಯತ್ಯಾಸದಿಂದ ಏನು ಸಮಾಧಾನ? ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳಡಿ ಬಂಧನವಾದವರು 1 ಲಕ್ಷ 10 ಸಾವಿರಕ್ಕೂ ಹೆಚ್ಚು ಅನ್ನೋದು ಶಾ ಆಯೋಗದ ಲೆಕ್ಕ. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನ ಮಾರನೇ ದಿನವೇ ಬಂಧಿಸಿ ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದ್ರು. 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಲ್ಲಿ ಎಂಟು ತಿಂಗಳು ಇದ್ದರು. ಆಸ್ತಮಾ ರೋಗಿ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು.

ಇದ್ಯಾವುದೂ ಆಗ ಪತ್ರಿಕೆಯಲ್ಲಿ ಇದ್ದದ್ದು ಇದ್ದಹಾಗೆ ಬರ್ತಿರಲಿಲ್ಲ. ಸೆನ್ಸಾರ್. ರೇಡಿಯೋ ಸರ್ಕಾರದ್ದು. ಹಾಗಾದ್ರೆ ಸುದ್ದಿ ಎಲ್ಲಿತ್ತು? ಹೊರಗಿತ್ತು. ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು, ಎಂಜಿನಿಯರ್‌ಗಳು, ಪ್ರಾಧ್ಯಾಪಕರು ಸೇರಿ 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಅನ್ನೋ ಸಂಘಟನೆ ಕಟ್ಟಿದ್ರು. ಘೋಷಣೆಯಾದ ಕೆಲವೇ ದಿನಗಳಲ್ಲಿ ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿ ಎದುರು ನಿಂತು ಪ್ರತಿಭಟಿಸಿದ್ರು. ಸುದ್ದಿ ಕಲೆಹಾಕಿ ಪತ್ರಿಕೆ ಹೊರಡಿಸಿದ್ರು. 1976ರಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿವರೆಗೆ ಪಾದಯಾತ್ರೆ ಮಾಡಿದ್ರು. ಇದರ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ನಮ್ಮ ಉತ್ತರ ಕರ್ನಾಟಕದಿಂದ ಹೋಗಿ ಆಗ ಚಿಕಾಗೋದಲ್ಲಿದ್ದ ಎಸ್.ಆರ್. ಹಿರೇಮಠ. ಬಳ್ಳಾರಿ ಗಣಿ ವಿಷಯದಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಅದೇ ಹಿರೇಮಠರು. ಅವರೂ ಎಂಜಿನಿಯರಿಂಗ್ ಓದಿದವರೇ ಅನ್ನೋದನ್ನ, ಅದೇ ಜಾತಿಯವನಾಗಿ, ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳ್ತೀನಿ.

ಈಗ ಅವರೊಳಗಿನ ವಾದ ನೋಡಿ. ಎಲ್ಲರೂ ಒಂದೇ ಮಾತಾಡ್ತಿದ್ರು ಅಂದ್ಕೊಂಡ್ರೆ ತಪ್ಪು. ರೈಲು ಸಮಯಕ್ಕೆ ಸರಿಯಾಗಿ ಓಡ್ತಿದೆ, ಕಚೇರಿಗೆ ಜನ ಹತ್ತು ಗಂಟೆಗೆ ಬರ್ತಿದಾರೆ, ಬಡ ದೇಶಕ್ಕೆ ಈ ಶಿಸ್ತು ಬೇಕು ಅಂದ ಅನಿವಾಸಿಗಳು ಕಡಿಮೆ ಇರಲಿಲ್ಲ. ವಿರೋಧ ಮಾಡೋರಲ್ಲೂ ಗಾಂಧಿವಾದಿಗಳು, ಸಮಾಜವಾದಿಗಳು, ಎಡಪಂಥದವರು, ಆರೆಸ್ಸೆಸ್ ಹಿನ್ನೆಲೆಯವರು, ಹೀಗೆ ಬೇರೆ ಬೇರೆ ಗುಂಪು. ಒಬ್ಬರ ಪಕ್ಕ ಇನ್ನೊಬ್ಬರು ನಿಲ್ಲಬೇಕಾ ಬೇಡವಾ ಅನ್ನೋದೇ ಒಂದು ಚರ್ಚೆ. ಅದಕ್ಕಿಂತ ಕಷ್ಟದ್ದು ಇನ್ನೊಂದು. 1971ರ ಬಾಂಗ್ಲಾ ಯುದ್ಧದಲ್ಲಿ ಅಮೆರಿಕ ನಮ್ಮ ವಿರುದ್ಧ ಏಳನೇ ನೌಕಾಪಡೆ ಕಳಿಸಿ ಆಗಿನ್ನೂ ನಾಲ್ಕು ವರ್ಷ. ಅಂಥ ಅಮೆರಿಕದ ನೆಲದಲ್ಲಿ ನಿಂತು ನಮ್ಮ ಸರ್ಕಾರವನ್ನ ಬೈಯೋದು ಹೇಗೆ? ದೆಹಲಿಯಿಂದ ಇಂದಿರಾ ಗಾಂಧಿಯವರು 'ವಿದೇಶಿ ಕೈವಾಡ' ಅಂತಿದ್ರು. ಹೊರಗೆ ಬಾಯಿ ತೆರೆದವರೆಲ್ಲ ಆ ಮಾತಿಗೆ ಸಾಕ್ಷಿಯಾಗೋ ಅಪಾಯ ಇತ್ತು.

ಬೆಲೆಯನ್ನೂ ಕೊಡಬೇಕಾಯ್ತು. ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಆನಂದ್ ಕುಮಾರ್ ಅವರಿಗೆ ಭಾರತ ಸರ್ಕಾರ ಕೊಡ್ತಿದ್ದ ವಿದ್ಯಾರ್ಥಿವೇತನ ನಿಂತಿತು. ಪಾಸ್‌ಪೋರ್ಟ್ ಕಳೆದುಕೊಳ್ಳೋ ಭಯ ಎಲ್ಲರಿಗೂ. ಪಾಸ್‌ಪೋರ್ಟ್ ಅಂದ್ರೆ ನಮಗೆ ಬೀರುವಿನಲ್ಲಿರೋ ಒಂದು ಪುಸ್ತಕ. ಪರದೇಶದಲ್ಲಿ ಇರೋನಿಗೆ ಅದೇ ಮನೆ ಬಾಗಿಲ ಕೀಲಿ, ಅದೇ ಕೆಲಸ, ಅದೇ ಅಪ್ಪನ ಕೊನೇ ದರ್ಶನ. ಬೆಚ್ಚಗೆ ಕೂತವರು ಅಂತೀವಲ್ಲ, ಆ ಬೆಚ್ಚಗಿನ ಜಾಗದ ಕೀಲಿ ದೆಹಲಿಯಲ್ಲಿರುತ್ತೆ. ಇದು ಒಂದು ಪಕ್ಷದ ಚಾಳಿ ಅಂತಲೂ ಅಂದ್ಕೋಬೇಡಿ. ತುರ್ತು ಪರಿಸ್ಥಿತಿಯನ್ನ ಬೈದೇ ಗೆದ್ದು ಬಂದ ಜನತಾ ಸರ್ಕಾರ 1977ರ ಜುಲೈನಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಕಿತ್ತುಕೊಂಡಿತು, ಕಾರಣವನ್ನೂ ಹೇಳಲಿಲ್ಲ. ಆ ಪ್ರಕರಣದಲ್ಲಿ 1978ರ ಜನವರಿ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನ ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ಓದ್ತಾರೆ.

ಇನ್ನು ಆ ಕಥೆಯ ಚಿಕ್ಕಮಗಳೂರಿನ ತುದಿ.

1977ರ ಮಾರ್ಚ್‌ನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನ ಗುಡಿಸಿ ಹಾಕಿತು, ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ಸೋತರು. ಕರ್ನಾಟಕದಲ್ಲಿ? 28ರಲ್ಲಿ 26 ಸ್ಥಾನ ಕಾಂಗ್ರೆಸ್‌ಗೆ! ಮುಂದಿನ ವರ್ಷ ಮೂಡಿಗೆರೆ ತಾಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಇಂದಿರಾ ಅವರಿಗಾಗಿ ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರ್, ಅರೇಬಿಕಾ ಹಣ್ಣಾಗೋ ಹೊತ್ತು. ಎದುರು ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ತುರ್ತು ಪರಿಸ್ಥಿತಿಯಲ್ಲಿ ಬೇಡಿ ಹಾಕಿಸಿಕೊಂಡಿದ್ದ ಜಾರ್ಜ್ ಫರ್ನಾಂಡಿಸ್ ಅವರೇ ಇಲ್ಲಿ ಬಂದು ಪ್ರಚಾರ ಮಾಡಿದ್ರು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಅಮೆರಿಕದಲ್ಲಿ ಮೈಲಿಗಟ್ಟಲೆ ನಡೆದವರಿಗೆ ಈ ಫಲಿತಾಂಶ ಹೇಗನ್ನಿಸಿರಬೇಡ! ಗುಡ್ಡದ ಜನಕ್ಕೆ ವಿಷಯ ಗೊತ್ತಿರಲಿಲ್ಲ ಅಂದುಬಿಡೋದು ಸುಲಭ. ಆದರೆ 1978ರ ನವೆಂಬರ್ ಹೊತ್ತಿಗೆ ಸೆನ್ಸಾರ್ ಹೋಗಿ ವರ್ಷದ ಮೇಲಾಗಿತ್ತು, ಶಾ ಆಯೋಗದ ವರದಿಗಳೂ ಹೊರಬಂದಿದ್ದವು. ಕತ್ತಲಲ್ಲಿ ಹಾಕಿದ ಓಟು ಅದಲ್ಲ. ಎಸ್ಟೇಟಿನ ಲೈನ್ ಮನೆಯಲ್ಲಿ ಇದ್ದ ಆಳಿಗೆ 'ಸರ್ಕಾರ' ಅಂದ್ರೆ ಬೇರೆಯೇ ಚಿತ್ರ. ದೇವರಾಜ ಅರಸರ ಕಾಲದ ನಿವೇಶನ, ಸಾಲ ಪರಿಹಾರ, ಜೀತ ರದ್ದು, ಉಳುವವನಿಗೆ ಭೂಮಿ. (ಕಾಫಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಇತ್ತು, ಹಾಗಾಗಿ ತೋಟದ ಮಾಲೀಕರಿಗೂ ಆ ಕಾನೂನು ಅಷ್ಟಾಗಿ ಚುಚ್ಚಲಿಲ್ಲ.) ಬಲವಂತದ ಸಂತಾನಹರಣದ ಕಾಟ ಉತ್ತರ ಭಾರತದಷ್ಟು ಇಲ್ಲಿ ತಟ್ಟಿರಲಿಲ್ಲ. ದೂರದಿಂದ ನೋಡಿದವನಿಗೆ ಜೈಲು ಕಾಣಿಸ್ತು. ಹತ್ತಿರ ಇದ್ದವನಿಗೆ ಮನೆ ಕಟ್ಟೋಕೆ ಕೊಟ್ಟ ಜಾಗ ಕಾಣಿಸ್ತು. ಎರಡೂ ಸುಳ್ಳಲ್ಲ. ಸ್ನೇಹಲತಾ ಅವರ ಸಾವು ಎಷ್ಟು ನಿಜವೋ ಆ ನಿವೇಶನದ ಪತ್ರವೂ ಅಷ್ಟೇ ನಿಜ.

ಇದನ್ನ ತಲೆಯಲ್ಲಿ ಇಟ್ಕೊಂಡು ಈಗ ಮ್ಯಾನ್ಮಾರ್‌ಗೆ ವಾಪಸ್ ಹೋಗೋಣ. ಅಲ್ಲಿ ನಿಜವಾದ ಮಿಲಿಟರಿ ಆಡಳಿತ. 2020ರ ನವೆಂಬರ್ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿ ಪಕ್ಷ ಭರ್ಜರಿಯಾಗಿ ಗೆದ್ದಿತು. 2021ರ ಫೆಬ್ರವರಿ 1ರಂದು ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಅಧಿಕಾರ ಕಿತ್ತುಕೊಂಡ. ಡಾಕ್ಟರು, ಮೇಷ್ಟ್ರು, ರೈಲ್ವೆ ನೌಕರರು ಕೆಲಸ ಬಿಟ್ಟು ಹೊರಬಂದರು. ರಾತ್ರಿ ಎಂಟಕ್ಕೆ ಊರೂರಲ್ಲಿ ಜನ ಪಾತ್ರೆ ಬಡಿದರು. ಸೇನೆ ಗುಂಡು ಹಾರಿಸಿತು. ಅಲ್ಲಿಂದ ಮುಂದೆ ಹೊರಗಿದ್ದ ಬರ್ಮೀಯರ ವಾದ ಶುರು.

ಮೊದಲನೇ ವಾದ ದುಡ್ಡಿನದು. ಥಾಯ್ಲೆಂಡ್, ಸಿಂಗಾಪುರ, ಮಲೇಷ್ಯಾದಲ್ಲಿ ದುಡಿಯೋರು ತಿಂಗಳಿಗೆ ಊರಿಗೆ ಹಣ ಕಳಿಸ್ತಾರೆ. ಬ್ಯಾಂಕ್ ಮೂಲಕ ಕಳಿಸಿದ್ರೆ ಡಾಲರ್ ಹೋಗೋದು ಸೇನಾ ಸರ್ಕಾರದ ಕೈಗೆ, ಮನೆಯವರಿಗೆ ಸಿಗೋದು ಸರ್ಕಾರ ನಿಗದಿ ಮಾಡಿದ ದರದಲ್ಲಿ ಕ್ಯಾಟ್, ಅಂದ್ರೆ ಅಲ್ಲಿನ ರೂಪಾಯಿ. 2022ರಲ್ಲಿ ಡಾಲರ್‌ಗೆ 2,100 ಕ್ಯಾಟ್ ಅಂತ ಕಟ್ಟಿ ಕೂರಿಸಿದ್ರು. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಆ ವ್ಯತ್ಯಾಸ ಯಾರ ಜೇಬಿಗೆ? ಹಾಗಾಗಿ ಹವಾಲಾದವನ ಕೈಲಿ ಕಳಿಸೋದೇ ದೇಶಸೇವೆ ಅಂತ ಒಂದು ಗುಂಪು. ಅದನ್ನ ನೋಡಿದ ಸೇನಾ ಸರ್ಕಾರ, ಸಂಬಳದ ಶೇಕಡಾ 25 ಭಾಗ ಅಧಿಕೃತ ದಾರಿಯಲ್ಲೇ ಬರಬೇಕು ಅಂತ 2023ರ ಸೆಪ್ಟೆಂಬರ್‌ನಿಂದ ನಿಯಮ ಮಾಡಿತು. ಕಳಿಸದಿದ್ರೆ ಅಮ್ಮನ ಔಷಧಿಗೆ ಏನು ಮಾಡೋದು? ಕಳಿಸಿದ್ರೆ ತಮ್ಮನ ಮೇಲೆ ಹಾರೋ ಗುಂಡಿಗೆ ನಾನೇ ದುಡ್ಡು ಕೊಟ್ಟ ಹಾಗಲ್ವಾ? ಇದು ಟಿ.ವಿ. ಚರ್ಚೆಯಲ್ಲಿ ಬಗೆಹರಿಯೋ ವಾದವಲ್ಲ.

ಎರಡನೇ ವಾದ ಇನ್ನೂ ಕಠಿಣ. ಶಾಂತಿಯುತ ಮೆರವಣಿಗೆ ಸಾಕಾ, ಬಂದೂಕು ಬೇಕಾ? ಸೇನೆಗೆ ಎದುರಾಗಿ ನಿಂತ ಪರ್ಯಾಯ ಸರ್ಕಾರ 2021ರ ನವೆಂಬರ್‌ನಲ್ಲಿ ಬಾಂಡ್ ಮಾರಿತು. ಬಡ್ಡಿ ಸೊನ್ನೆ. ಹೊರಗಿದ್ದ ಬರ್ಮೀಯರು ಅದನ್ನ ಮುಗಿಬಿದ್ದು ಕೊಂಡರು. ಇಲ್ಲಿ ನಮ್ಮ ವೀಕ್ಷಕರ ಪ್ರಶ್ನೆ ಸರಿಯಾಗಿ ನಾಟುತ್ತೆ. ಬಾಂಡ್ ಕೊಂಡವನು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗ್ತಾನೆ, ಆ ದುಡ್ಡಿನ ಬಂದೂಕು ಹಿಡಿದ ಹುಡುಗ ಸಂಜೆ ಬದುಕಿರ್ತಾನೋ ಇಲ್ವೋ.

ಇನ್ನೊಂದು ಬದಲಾವಣೆ ನನಗೆ ಬಹಳ ಮುಖ್ಯ ಅನ್ಸುತ್ತೆ. 2017ರಲ್ಲಿ ರೋಹಿಂಗ್ಯಾ ಮುಸ್ಲಿಮರನ್ನ ಅದೇ ಸೇನೆ ಓಡಿಸಿದಾಗ ಎಷ್ಟೋ ಬರ್ಮೀಯರು, ದೇಶದ ಒಳಗೂ ಹೊರಗೂ, ಸೇನೆಯ ಮಾತನ್ನೇ ನಂಬಿದ್ರು. ಅದೇ ಬಂದೂಕು ತಮ್ಮ ಮಕ್ಕಳ ಕಡೆ ತಿರುಗಿದ ಮೇಲೆ ಹಲವರು ಬಹಿರಂಗವಾಗಿ ಕ್ಷಮೆ ಕೇಳಿದ್ರು. ತಡವಾಯ್ತು, ನಿಜ.

ಸುಡಾನ್‌ನಲ್ಲೂ ಹೀಗೇ. 2019ರ ಜೂನ್ 3ರಂದು ಖಾರ್ಟೂಮ್‌ನಲ್ಲಿ ಸೇನಾ ಕಚೇರಿ ಎದುರು ಧರಣಿ ಕೂತವರ ಮೇಲೆ ದಾಳಿಯಾಯ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಇಂಟರ್ನೆಟ್ ತಂತಿ ಕಿತ್ತಿತು, ಹೆಚ್ಚುಕಮ್ಮಿ ತಿಂಗಳು ಪೂರ್ತಿ. ಆ ತಿಂಗಳು ಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ ಹೊರದೇಶದ ಸುಡಾನಿಗಳದ್ದು ದೊಡ್ಡ ಪಾಲು. ಅದೇ ದೇಶದಲ್ಲಿ 2023ರ ಏಪ್ರಿಲ್‌ನಲ್ಲಿ ಇಬ್ಬರು ಜನರಲ್‌ಗಳು ತಮ್ಮತಮ್ಮಲ್ಲೇ ಯುದ್ಧ ಶುರು ಮಾಡಿದಾಗ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ರು, ನೆನಪಿದೆಯಲ್ಲ? ಗಿಡಮೂಲಿಕೆ ಎಣ್ಣೆ ಮಾರೋಕೆ ಹೋದವರು. ಅವರೂ ವಲಸಿಗರೇ. ಆದರೆ ಪರರ ದೇಶದ ಸೇನಾ ಆಡಳಿತದ ಬಗ್ಗೆ ವಾದ ಮಾಡೋ ಐಷಾರಾಮ ಅವರಿಗಿರಲಿಲ್ಲ. ಒಂದೇ ಯೋಚನೆ: ಕುಡಿಯೋ ನೀರು ಎಲ್ಲಿ, ಊರಿಗೆ ಬಸ್ಸು ಎಲ್ಲಿ. 'ಆಪರೇಷನ್ ಕಾವೇರಿ'ಯಲ್ಲಿ ಅವರನ್ನ ವಾಪಸ್ ಕರೆತಂದ್ರು.

ಹಾಗಾದ್ರೆ ದೂರದಲ್ಲಿದ್ದವನ ಹಕ್ಕೆಷ್ಟು? ನನ್ನ ಲೆಕ್ಕ ಹೇಳ್ತೀನಿ, ಒಪ್ಪಬೇಕಂತಿಲ್ಲ. ಬಾಯಿ ಮುಚ್ಚಿಸಿದ ದೇಶದ ಸುದ್ದಿಯನ್ನ ಹೊರಗೆ ಹೇಳೋದು ಅವನ ಹಕ್ಕು ಮಾತ್ರ ಅಲ್ಲ, ಅವನಲ್ಲದೆ ಬೇರೆ ಯಾರಿಂದಲೂ ಆಗದ ಕೆಲಸ. ಹಣ ಕೊಡೋದು, ಜೈಲಲ್ಲಿದ್ದವರ ಮನೆಗೆ ಅಕ್ಕಿ ಹಾಕಿಸೋದು, ವಕೀಲರನ್ನ ಹಿಡಿಯೋದು, ಇವೂ ಸರಿ. ಆದರೆ ಇವತ್ತು ಬೀದಿಗೆ ಇಳಿಯಬೇಕಾ, ನಾಳೆ ಇಳಿಯಬೇಕಾ, ಕಲ್ಲೆಸೆಯಬೇಕಾ ಕೂರಬೇಕಾ ಅನ್ನೋ ತೀರ್ಮಾನ ಪೆಟ್ಟು ತಿನ್ನೋರದ್ದೇ ಆಗಿರಬೇಕು. ಮೀಟರ್ ಹೊರಗೋಡೆ ಮೇಲಿದ್ರೂ ಸ್ವಿಚ್ ಒಳಗಿರೋರ ಕೈಲೇ ಇರುತ್ತಲ್ಲ, ಹಾಗೆ. 1975ರಲ್ಲಿ ಅಮೆರಿಕದಲ್ಲಿ ಪತ್ರಿಕೆ ಹೊರಡಿಸಿದವರು ಮಾಡಿದ್ದು ಬಹುಪಾಲು ಈ ಮೊದಲನೇ ಕೆಲಸ.

ಇನ್ನು, ಅಲ್ಲಿರೋ ನಮ್ಮ ಹುಡುಗರು ಮಾತಾಡುವಾಗ ಯಾಕೆ ತಡವರಿಸ್ತಾರೆ ಅನ್ನೋದೂ ನಮಗೆ ಗೊತ್ತಿರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರೋ ಅನಿವಾಸಿ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಆದರೆ ಓಟು ಹಾಕೋಕೆ ಖುದ್ದಾಗಿ ತನ್ನೂರಿನ ಬೂತಿಗೇ ಬರಬೇಕು. ಅಮೆರಿಕದ ಪೌರತ್ವ ತಗೊಂಡು ಓ.ಸಿ.ಐ. ಕಾರ್ಡ್ ಮಾಡಿಸಿದವನಿಗೆ ಆ ಓಟೂ ಇಲ್ಲ, ಮೇಲಾಗಿ ಕಾರ್ಡನ್ನ ರದ್ದು ಮಾಡೋ ಅಧಿಕಾರ ಕೇಂದ್ರ ಸರ್ಕಾರದ ಬಳಿ ಇದೆ. 2019ರ ತಿದ್ದುಪಡಿ ಆ ಅಧಿಕಾರವನ್ನ ಇನ್ನಷ್ಟು ಅಗಲ ಮಾಡಿತು. ಅಪ್ಪನ ಕಾಫಿ ತೋಟ ಅವನಿಗೆ ಪಿತ್ರಾರ್ಜಿತವಾಗಿ ಬರಬಹುದು, ಪಕ್ಕದ ಒಂದೆಕರೆ ತೋಟ ಮಾರಾಟಕ್ಕಿದ್ರೂ ಸಾಮಾನ್ಯವಾಗಿ ಅವನು ಕೊಳ್ಳುವ ಹಾಗಿಲ್ಲ. ಗುಂಪಲ್ಲಿ ಚಿಕ್ಕಪ್ಪನ ಒಂದು ಸಾಲಿಗೆ ಅವನು ಉತ್ತರ ಕೊಡದೆ ಸುಮ್ಮನಾದ್ರೆ, ಸೋತ ಅಂತ ಅಂದ್ಕೋಬೇಡಿ.

ಹಿರೇಮಠರು 1979ರಲ್ಲಿ ಅಮೆರಿಕ ಬಿಟ್ಟು ಬಂದು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಕೆಲಸ ಶುರು ಮಾಡಿದ್ರು. ಅವರಿಗೆ ವಾಪಸ್ ಬರೋಕೆ ಒಂದು ದೇಶ ಇತ್ತು, ಅಲ್ಲಿ ಚುನಾವಣೆ ನಡೆದಿತ್ತು, ಸರ್ಕಾರ ಬದಲಾಗಿತ್ತು. ಮ್ಯಾನ್ಮಾರ್‌ನ ಹುಡುಗರಿಗೆ ಆ ದಾರಿ ಸದ್ಯಕ್ಕೆ ಇಲ್ಲ. 2024ರ ಫೆಬ್ರವರಿಯಲ್ಲಿ ಸೇನಾ ಸರ್ಕಾರ ಕಡ್ಡಾಯ ಸೈನಿಕ ಸೇವೆಯ ಕಾನೂನು ಜಾರಿಗೆ ತಂತು. ಗಂಡಸರಿಗೆ 18ರಿಂದ 35 ವರ್ಷ, ಹೆಂಗಸರಿಗೆ 18ರಿಂದ 27. ಪಾಸ್‌ಪೋರ್ಟ್ ನವೀಕರಿಸೋಕೆ ಹೋಗಬೇಕಾದ್ದು ಅದೇ ಸರ್ಕಾರದ ರಾಯಭಾರ ಕಚೇರಿಗೆ. ಊರಿಗೆ ಹೋದ್ರೆ ಕೈಗೆ ಬಂದೂಕು ಕೊಡೋದೂ ಅದೇ ಸರ್ಕಾರ, ಎದುರಿಗೆ ಇರೋದು ತಮ್ಮೂರಿನ ಹುಡುಗರೇ.