ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಆಯಿಲ್ ಕುದಿದರೆ?

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸರಕು ಹೊತ್ತು ಹಳೆಯದಾದ ಪಿಕಪ್ ಒಂದಕ್ಕೆ ಚಾವಣಿ, ಮಲಗುವ ಹಲಗೆ, ನೀರಿನ ಟ್ಯಾಂಕು ಜೋಡಿಸಿ, ಆಗುಂಬೆ ಘಟ್ಟ ಇಳಿದು ಸೋಮೇಶ್ವರದ ಕಡೆ ಶಿಬಿರಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಎಂಜಿನ್, ಟಯರುಗಳನ್ನು ಎಲ್ಲರೂ ನೋಡುತ್ತಾರೆ. ಬ್ರೇಕ್ ಆಯಿಲ್ ನೋಡುವವರು ಕಡಿಮೆ.

ಲೆಕ್ಕ ಹಾಕೋಣ. ಸಾಮಾನು ಸೇರಿ ವಾಹನದ ರಾಶಿ 2000 ಕಿಗ್ರಾಂ, ಇಳಿಯುವ ಎತ್ತರ 500 ಮೀಟರ್ ಇರಲಿ. ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ (ರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ) 98 ಲಕ್ಷ ಜೂಲ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 29 ಲೀಟರ್ ನೀರನ್ನು 100 ಡಿಗ್ರಿಗೆ ಕಾಯಿಸಲು ಇಷ್ಟು ಸಾಕು! ಬ್ರೇಕನ್ನೇ ಒತ್ತುತ್ತ ಇಳಿದರೆ ಇದರ ಬಹುಪಾಲು ಬ್ರೇಕುಗಳಲ್ಲಿ ಉಷ್ಣವಾಗುತ್ತದೆ. ನೀವು ಜೋಡಿಸುವ ಪ್ರತಿ 100 ಕಿಗ್ರಾಂ ಇದಕ್ಕೆ 4.9 ಲಕ್ಷ ಜೂಲ್ ಸೇರಿಸುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. 'ಡಾಟ್ 3' ದರ್ಜೆಯ ಹೊಸ ಆಯಿಲ್‌ಗೆ ನಿಗದಿಯಾದ ಕನಿಷ್ಠ ಕುದಿಬಿಂದು 205 ಡಿಗ್ರಿ. ತೇವ ಹೀರಿದ್ದಕ್ಕೆ ಕೇವಲ 140 ಡಿಗ್ರಿ. ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಪೂರ್ತಿ ಕೆಳಗಿಳಿದರೂ ಸಾಕಷ್ಟು ಒತ್ತಡ ಚಕ್ರಗಳನ್ನು ತಲಪದು.

ಪರಿಹಾರ ಸರಳ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಆಯಿಲ್ ಬದಲಿಸಿ. ನೋಂದಣಿ ಪತ್ರದಲ್ಲಿರುವ ತೂಕದ ಮಿತಿ ಮೀರಬೇಡಿ. ಘಟ್ಟ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಆಗ ಎಂಜಿನ್ನೂ ವಾಹನವನ್ನು ತಡೆಹಿಡಿಯುತ್ತದೆ. ಪೆಡಲ್ ಮೆತ್ತಗಾಯಿತೆನಿಸಿದರೆ ಕೂಡಲೇ ಗೇರ್ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಬ್ರೇಕುಗಳು ತಣಿಯಲು ಬಿಡಿ.