ತೋಬಿಯನ ಹಿಂದೆ ಹೊರಟ ನಾಯಿ



ಸೆಪ್ಟೆಂಬರ್ 29ರಂದು ಧರ್ಮಸಭೆಯು ಪ್ರಧಾನ ದೇವದೂತರಾದ ಮಿಕಾಯೇಲ್, ಗಬ್ರಿಯೇಲ್ ಮತ್ತು ರಫಾಯೇಲರ ಹಬ್ಬವನ್ನು ಆಚರಿಸುತ್ತದೆ. ಹಿಂದೆ ಈ ಮೂವರಿಗೂ ಬೇರೆ ಬೇರೆ ದಿನಗಳಿದ್ದವು. ರಫಾಯೇಲರ ಹಬ್ಬ ಅಕ್ಟೋಬರ್ 24ರಂದು ಬರುತ್ತಿತ್ತು. 1969ರಲ್ಲಿ ಪಂಚಾಂಗವು ಪರಿಷ್ಕೃತವಾದಾಗ ಮೂರನ್ನೂ ಒಂದೇ ದಿನಕ್ಕೆ ತರಲಾಯಿತು. ಸೈತಾನನೊಡನೆ ಹೋರಾಡಿದ ಮಿಕಾಯೇಲರನ್ನೂ, ಮಾತೆ ಮರಿಯಳಿಗೆ ಮಂಗಳವಾರ್ತೆ ತಂದ ಗಬ್ರಿಯೇಲರನ್ನೂ ನಮ್ಮ ಮಕ್ಕಳು ಬಲ್ಲರು. ರಫಾಯೇಲರ ಪರಿಚಯ ಮಾತ್ರ ಕಡಿಮೆ. ಅವರ ಕಥೆಯಿರುವುದು ಹಳೆಯ ಒಡಂಬಡಿಕೆಯ ತೋಬಿತನ ಗ್ರಂಥದಲ್ಲಿ. ಪ್ರೊಟೆಸ್ಟಂಟ್ ಸಹೋದರರ ಬೈಬಲಿನಲ್ಲಿ ಸಾಮಾನ್ಯವಾಗಿ ಈ ಗ್ರಂಥ ಇರುವುದಿಲ್ಲ. ನಮ್ಮ ಬೈಬಲಿನಲ್ಲಿ ಇದ್ದರೂ ನಾವು ಅದನ್ನು ತೆರೆಯುವುದು ಅಪರೂಪ. ಮದುವೆಯ ಬಲಿಪೂಜೆಯಲ್ಲಿ ಕೆಲವೊಮ್ಮೆ ಅದರ ಎಂಟನೆಯ ಅಧ್ಯಾಯದ ಪ್ರಾರ್ಥನೆಯನ್ನು ಓದುವುದುಂಟು, ಅಷ್ಟೆ.

ಇದು ಒಂದು ಎಳೆಯ ದಾಂಪತ್ಯದ ಕಥೆ. ನಿನೆವೆಯಲ್ಲಿ ದೇಶಭ್ರಷ್ಟನಾಗಿ ಬಾಳುತ್ತಿದ್ದ ತೋಬಿತನು ಕಣ್ಣು ಕಳೆದುಕೊಂಡಿದ್ದಾನೆ. ಮೇದ್ಯ ನಾಡಿನಲ್ಲಿ ಒಬ್ಬರ ಬಳಿ ಇಟ್ಟಿದ್ದ ಬೆಳ್ಳಿಯನ್ನು ತರಲು ಮಗ ತೋಬಿಯನನ್ನು ಕಳುಹಿಸುತ್ತಾನೆ. ದಾರಿ ಬಲ್ಲೆನೆಂದು ಜೊತೆಯಾದ ಯುವಕನೇ ರಫಾಯೇಲ್, ಆದರೆ ಅವನು ದೇವದೂತನೆಂದು ಯಾರಿಗೂ ತಿಳಿಯದು. ಇಬ್ಬರೂ ಹೊರಟಾಗ ಹುಡುಗನ ನಾಯಿಯೂ ಅವರೊಡನೆ ಹೊರಟಿತೆಂದು ಗ್ರಂಥವು ಹೇಳುತ್ತದೆ. ತೈಗ್ರಿಸ್ ನದಿ, ಅಲ್ಲಿ ಹಿಡಿದ ಮೀನು, ಎಕ್ಬತಾನ ಪಟ್ಟಣದಲ್ಲಿ ಸಾರಾಳೊಡನೆ ಮದುವೆ, ಹದಿನಾಲ್ಕು ದಿನಗಳ ಔತಣ, ಇವೆಲ್ಲ ಮುಗಿದು ಮನೆಗೆ ಮರಳುವಾಗ ಹನ್ನೊಂದನೆಯ ಅಧ್ಯಾಯದಲ್ಲಿ ನಾಯಿ ಮತ್ತೆ ಕಾಣುತ್ತದೆ. ನಡುವೆ ಅದು ಏನನ್ನೂ ಮಾಡುವುದಿಲ್ಲ. ಕಳ್ಳರನ್ನು ಓಡಿಸಲಿಲ್ಲ, ಯಾರ ಪ್ರಾಣವನ್ನೂ ಉಳಿಸಲಿಲ್ಲ. ಹಿಂದೆ ಹಿಂದೆ ನಡೆಯಿತು. ಬೈಬಲಿನಲ್ಲಿ ನಾಯಿಯ ಮಾತು ಬಂದಾಗಲೆಲ್ಲ ಬಹುತೇಕ ಅದು ಬೀದಿಯ ಪ್ರಾಣಿ, ತಿರಸ್ಕಾರದ ಗುರುತು. ಮನೆಯವರೊಡನೆ ಹೀಗೆ ಹೊಂದಿಕೊಂಡ ನಾಯಿ ಸಿಗುವುದು ಕಷ್ಟ.

ಈ ಹಬ್ಬದಲ್ಲಿ ನಾವು ಈ ನಾಯಿಯ ಮಾತೆತ್ತಲು ಕಾರಣವಿದೆ. ನಮ್ಮ ಧರ್ಮಕೇಂದ್ರಗಳಲ್ಲಿ, ಅದರಲ್ಲೂ ಬೆಂಗಳೂರಿನಂಥ ನಗರಗಳಲ್ಲಿ, ಮದುವೆಯಾಗಿ ಒಂದೆರಡು ವರ್ಷವಾದ ದಂಪತಿಗಳು ನಾಯಿಮರಿಯೊಂದನ್ನು ಮನೆಗೆ ತರುವುದನ್ನು ಈಗ ಹೆಚ್ಚಾಗಿ ಕಾಣುತ್ತೇವೆ. ತಂದ ವಾರದಲ್ಲೇ ಊರಿನಿಂದ ಫೋನು ಬರುತ್ತದೆ. “ವಿಶೇಷವೇನಾದರೂ ಇದೆಯಾ?” ಎಂದು ಇಷ್ಟು ದಿನ ಕೇಳುತ್ತಿದ್ದವರು ಈಗ “ಮಗು ಬೇಡವಾಯಿತು, ನಾಯಿ ಬೇಕಾಯಿತು” ಎನ್ನತೊಡಗುತ್ತಾರೆ. ಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲೂ ಇದೇ ಮಾತು.

ಪೋಪ್ ಫ್ರಾನ್ಸಿಸರು 2022ರ ಜನವರಿ 5ರಂದು ಸಂತ ಜೋಸೆಫರ ಕುರಿತು ಉಪದೇಶಿಸುತ್ತಾ, ಮಕ್ಕಳನ್ನು ಬಯಸದೆ ಆ ಸ್ಥಾನವನ್ನು ನಾಯಿ ಬೆಕ್ಕುಗಳಿಗೆ ಕೊಡುವ ದಂಪತಿಗಳ ಬಗ್ಗೆ ಕಟುವಾಗಿಯೇ ಮಾತನಾಡಿದ್ದರು. ಆ ಮಾತು ಜಗತ್ತಿನಾದ್ಯಂತ ಚರ್ಚೆಯಾಯಿತು. ಅದೇ ಉಪದೇಶದಲ್ಲಿ ಅವರು ಮಕ್ಕಳಾಗದವರ ಕುರಿತೂ, ದತ್ತು ತೆಗೆದುಕೊಳ್ಳುವುದರ ಹಿರಿಮೆಯ ಕುರಿತೂ ಹೇಳಿದ್ದು ಮಾತ್ರ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಬೇಡವೆಂದವರಿಗೆ ಹೇಳಿದ ಮಾತನ್ನು ಬೇಕೆಂದು ಕಣ್ಣೀರಿಡುವವರ ಮೇಲೆ ಎಸೆಯುವುದು ನ್ಯಾಯವಲ್ಲ. ಯಾವ ಮನೆಯ ಬೀರುವಿನಲ್ಲಿ ಆಸ್ಪತ್ರೆಯ ಎಷ್ಟು ಚೀಟಿಗಳಿವೆಯೋ ನಮಗೇನು ಗೊತ್ತು?

ತೋಬಿತನ ಗ್ರಂಥದ ಮೂರನೆಯ ಅಧ್ಯಾಯವನ್ನು ಒಮ್ಮೆ ಓದೋಣ. ಸಾರಾ ಏಳು ಮಂದಿ ಗಂಡಂದಿರನ್ನು ಮದುವೆಯ ರಾತ್ರಿಯೇ ಕಳೆದುಕೊಂಡವಳು. ಮನೆಯ ದಾಸಿಯೇ ಅವಳನ್ನು ಚುಚ್ಚಿ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಗಂಡನ್ನಾಗಲಿ ಹೆಣ್ಣನ್ನಾಗಲಿ ನಾವು ಎಂದೂ ಕಾಣದಿರಲಿ ಎಂಬ ಅರ್ಥದಲ್ಲಿ ಶಪಿಸುತ್ತಾಳೆ. ಆ ಮಾತಿಗೆ ನೊಂದು ಸಾರಾ ನೇಣು ಹಾಕಿಕೊಳ್ಳಲು ಮಹಡಿ ಹತ್ತುತ್ತಾಳೆ. ವೃದ್ಧ ತಂದೆಯ ನೆನಪಾಗಿ ನಿಲ್ಲುತ್ತಾಳೆ, ಕಿಟಕಿಯ ಕಡೆ ಕೈಚಾಚಿ ಪ್ರಾರ್ಥಿಸುತ್ತಾಳೆ. ದೇವರು ರಫಾಯೇಲರನ್ನು ಕಳುಹಿಸಿದ್ದು ಕುರುಡ ತೋಬಿತನ ಮೊರೆಯ ಜೊತೆಗೆ ಈ ಹೆಣ್ಣುಮಗಳ ಮೊರೆಯನ್ನೂ ಕೇಳಿ. “ವಿಶೇಷವೇನು?” ಎಂದು ಸಲುಗೆಯಿಂದ ಕೇಳುವ ನಾವು ಆ ದಾಸಿಯ ಸಾಲಿಗೆ ಸೇರುವುದು ಸುಲಭ.

ಇಷ್ಟು ಹೇಳಿದ ಮೇಲೆ ದಂಪತಿಗಳಿಗೂ ಒಂದು ಮಾತು ಹೇಳಬೇಕು. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕಲಿಸುತ್ತದೆ (2416). ಅವುಗಳನ್ನು ವೃಥಾ ಹಿಂಸಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ. ಹಾಗೆಯೇ ಬಡವರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ, ಮನುಷ್ಯರಿಗೆ ಮಾತ್ರ ಸಲ್ಲುವ ಮಮತೆಯನ್ನು ಅವುಗಳಿಗೆ ಕೊಡುವುದೂ ಸಲ್ಲದು (2418). ಮರಿಯ ಹುಟ್ಟುಹಬ್ಬಕ್ಕೆ ಕೇಕು ತರಿಸುವ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನ ಸಂಬಳ ಎರಡು ವರ್ಷದಿಂದ ಏರಿಲ್ಲವೆಂದರೆ, ಅಲ್ಲಿ ತಪ್ಪು ಮರಿಯದಲ್ಲ. ಮತ್ತಾಯನ ಶುಭಸಂದೇಶದಲ್ಲಿ ಕಾನಾನ್ ನಾಡಿನ ತಾಯಿಯೊಬ್ಬಳು ಯೇಸುಸ್ವಾಮಿಯೊಡನೆ ವಾದಿಸುವ ಪ್ರಸಂಗವಿದೆ (15:21-28). ಅಲ್ಲಿ ಬಳಸಿರುವ ಗ್ರೀಕ್ ಪದ ಬೀದಿನಾಯಿಯನ್ನು ಸೂಚಿಸುವುದಲ್ಲ, ಚಿಕ್ಕ ನಾಯಿಯನ್ನು, ಮರಿಯನ್ನು ಸೂಚಿಸುವುದು. ರೊಟ್ಟಿ ಮಕ್ಕಳದು, ಆದರೆ ಮೇಜಿನ ಕೆಳಗೆ ಮರಿಗೂ ಜಾಗವಿದೆ.

ಆ ಜಾಗವನ್ನು ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ನಗರದಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ. ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ. ಮನೆಯ ಮಾಲೀಕರ ಒಪ್ಪಿಗೆ, ಕ್ರಿಸ್ಮಸ್‌ಗೆ ಊರಿಗೆ ಹೋದಾಗ ನೋಡಿಕೊಳ್ಳುವವರು, ಮುಂದೆ ಮಗುವಾದಾಗ ಏನು, ಇವನ್ನು ಇಬ್ಬರೂ ಕುಳಿತು ಮೊದಲೇ ಮಾತನಾಡಿಕೊಳ್ಳಬೇಕು. ಎಂಟು ವಾರ ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಎರಡು ತಿಂಗಳ ಮರಿ ದಿನದ ಹೆಚ್ಚು ಹೊತ್ತು ನಿದ್ದೆಯಲ್ಲೇ ಕಳೆಯುತ್ತದೆ, ಆದರೆ ಎಚ್ಚರವಿದ್ದಾಗ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಹಾಗಾಗಿ ರಾತ್ರಿಯೂ ಯಾರಾದರೂ ಏಳಲೇಬೇಕು. ಯಾರು ಏಳುವುದು? ಹೊಸ ದಂಪತಿಗಳ ಎಷ್ಟೋ ಜಗಳಗಳು ಇಲ್ಲಿಂದಲೇ ಶುರು. ಒಬ್ಬರು ಸೋಫಾದ ಮೇಲೆ ಹತ್ತಿಸಿಕೊಂಡು ಮುದ್ದಿಸುತ್ತಾರೆ, ಇನ್ನೊಬ್ಬರು ಅದೇ ಸೋಫಾದಿಂದ ಗದರಿಸಿ ಇಳಿಸುತ್ತಾರೆ. ಮರಿಗೆ ಏನೂ ಅರ್ಥವಾಗುವುದಿಲ್ಲ. ಬೆಳಿಗ್ಗೆ ಕಚ್ಚಿ ಹರಿದ ಚಪ್ಪಲಿಗೆ ಸಂಜೆ ಹೊಡೆದರೂ ಅಷ್ಟೆ, ಆ ಪೆಟ್ಟು ಯಾವುದಕ್ಕೆಂದು ಅದಕ್ಕೆ ಹೊಳೆಯುವುದಿಲ್ಲ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಚಪ್ಪಲಿಯನ್ನು ಎತ್ತಿಡುವುದೇ ಉಪಾಯ. ಇಬ್ಬರೂ ಒಂದೇ ನಿಯಮ, ಒಂದೇ ಮಾತು ಇಟ್ಟುಕೊಂಡರೆ ಮರಿ ಬೇಗ ಕಲಿಯುತ್ತದೆ. ಹಾಗೆ ಒಂದೇ ಮಾತಿಗೆ ಬರಲು ಗಂಡಹೆಂಡಿರಿಗೆ ಮರಿಗಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು.

ಹಬ್ಬದ ಅಡುಗೆಯ ವಿಷಯದಲ್ಲಿ ಎಚ್ಚರವಿರಲಿ. ಒಣದ್ರಾಕ್ಷಿ ಹಾಕಿದ ಕ್ರಿಸ್ಮಸ್ ಕೇಕು, ಚಾಕೊಲೇಟು, ಈರುಳ್ಳಿ ಇವು ನಾಯಿಗೆ ವಿಷ. ಸಾರಿನಲ್ಲಿ ಬೆಂದ ಕೋಳಿಯ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು.

ರಫಾಯೇಲ್ ಎಂಬ ಹೆಸರಿಗೆ ದೇವರು ಗುಣಪಡಿಸುತ್ತಾರೆ ಎಂದು ಅರ್ಥ. ಅವರ ಹಬ್ಬದ ಹಿಂದಿನ ದಿನ, ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನ. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ಗೆ ಮೊದಲ ಬಾರಿಗೆ ಲಸಿಕೆ ಕೊಡಿಸಿದ ಲೂಯಿ ಪಾಶ್ಚರರು ತೀರಿಕೊಂಡದ್ದು 1895ರ ಅದೇ ದಿನ. ರೋಗದ ಲಕ್ಷಣಗಳು ಕಂಡ ಮೇಲೆ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಲಸಿಕೆಯಿಂದ ಅದನ್ನು ಪೂರ್ತಿ ತಡೆಯಬಹುದು. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ದಿನಗಳಂದು ಮತ್ತೆ ಕೊಡಿಸಬೇಕು. ಪುಟ್ಟ ಮರಿಯಲ್ಲವೇ ಎಂದು ಅದರ ಕಡಿತವನ್ನೂ ಪರಚುವಿಕೆಯನ್ನೂ ಅಲಕ್ಷಿಸಬಾರದು. ಮರಿಗೂ ರೇಬೀಸ್ ಬರುತ್ತದೆ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಮಂತ್ರಿಸಿದ ದಾರ ಯಾವುದೂ ಬೇಡ. ಮಂತ್ರದ ದಾರಕ್ಕೆ ಓಡುವವರಲ್ಲಿ ನಮ್ಮವರೂ ಇದ್ದಾರೆಂಬುದು ನಾಚಿಕೆಯ ಸಂಗತಿ.

ಹಬ್ಬದ ಮರುದಿನ, ಸೆಪ್ಟೆಂಬರ್ 30, ಸಂತ ಜೆರೋಮರ ಸ್ಮರಣೆ. ತೋಬಿತನ ಗ್ರಂಥವನ್ನು ಲತೀನ್ ಭಾಷೆಗೆ ತಂದವರು ಅವರು. ಒಂದೇ ದಿನದ ದುಡಿಮೆಯಲ್ಲಿ ಮುಗಿಸಿದೆನೆಂದು ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ. ಗ್ರೀಕ್ ಪಾಠದಲ್ಲಿ ನಾಯಿ ಕೊನೆಯವರೆಗೂ ಹಿಂದೆಯೇ ನಡೆಯುತ್ತದೆ. ಜೆರೋಮರ ಲತೀನ್ ಪಾಠದಲ್ಲಿ ಹಾಗಲ್ಲ. ಮಗ ಬರುವ ದಾರಿಯನ್ನೇ ನೋಡುತ್ತಾ ತಾಯಿ ಅನ್ನಾ ಕುಳಿತಿರುವಾಗ, ಅಷ್ಟು ದೂರ ಜೊತೆಗೆ ನಡೆದು ಬಂದ ನಾಯಿ ಮನೆ ಹತ್ತಿರವಾದದ್ದೇ ಎಲ್ಲರಿಗಿಂತ ಮುಂದೆ ಓಡುತ್ತದೆ, ಸುದ್ದಿ ತಂದ ದೂತನಂತೆ ಬಾಲ ಅಲ್ಲಾಡಿಸುತ್ತಾ.