ಮಾರ್ಕೆಟ್ಟಿನಿಂದ ಕೋಟೆ ಬಾಗಿಲಿಗೆ

ಕೃಷ್ಣರಾಜ ಮಾರುಕಟ್ಟೆಯ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಮೊದಲು ಮೂಗಿಗೆ ಹೊಡೆದದ್ದು ಕೊತ್ತಂಬರಿ ಸೊಪ್ಪು, ಡೀಸೆಲ್ ಹೊಗೆ, ಕಾಲಡಿಯ ಕೊಳೆತ ಕೋಸಿನೆಲೆ ಎಲ್ಲ ಕೂಡಿದ ವಾಸನೆ. ಹೂವಿನ ಘಮಕ್ಕೆ ಇನ್ನಷ್ಟು ಒಳಗೆ ಹೋಗಬೇಕು. ತಲೆಯ ಮೇಲೆ ಮೇಲ್ಸೇತುವೆ. ಪುರಭವನದ ಕಡೆಯಿಂದ ಸಿರ್ಸಿ ವೃತ್ತದ ತನಕ ಹೋಗುವ ಇದು 1999ರಲ್ಲಿ ಬಂತು. ಅದರ ಮೇಲೆ ಗಾಡಿಯಲ್ಲಿ ಹೋಗುವವರು ಈ ಮಾರ್ಕೆಟ್ಟನ್ನು ನೋಡಿಯೇ ಇಲ್ಲ ಅನ್ನಬಹುದು. ಕಂಬಗಳ ನಡುವೆ ಸೊಪ್ಪಿನ ಕಟ್ಟುಗಳು ಎದೆಮಟ್ಟಕ್ಕೆ ಬಿದ್ದಿದ್ದವು, ಹಮಾಲರು ತಲೆಯ ಮೇಲೆ ಮೂಟೆ ಹೊತ್ತು "ಸೈಡು, ಸೈಡು" ಎನ್ನುತ್ತ ನುಗ್ಗುತ್ತಿದ್ದರು. ಅವರಿಗೆ ದಾರಿ ಬಿಡುವುದು ಇಲ್ಲಿ ಮೊದಲು ಕಲಿಯಬೇಕಾದ ಪಾಠ.

ನಾನು ಬಂದದ್ದು ಕೋಟೆ ನೋಡಲಿಕ್ಕೆ. ಹವಾನಾ, ಸಾನ್ ಹ್ವಾನ್‌ನಂಥ ಕೆರಿಬಿಯನ್ ಊರುಗಳಲ್ಲಿ ವಸಾಹತು ಕಾಲದ ಕೋಟೆಗಳನ್ನು ಉಳಿಸಿಕೊಂಡಿದ್ದಾರೆ. ಹಡಗಿನಲ್ಲಿ ಬಂದಿಳಿದವರು ಗೋಡೆಯ ಮೇಲೆ ನಡೆದು, ಫಿರಂಗಿಯ ಪಕ್ಕ ನಿಂತು ಸಮುದ್ರ ನೋಡುತ್ತಾರೆ. ಬೆಂಗಳೂರೂ ಒಂದು ಕೋಟೆ ಪಟ್ಟಣ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಹಾಕಿ ಕಟ್ಟಿದ ಊರು. ಹೈದರಾಲಿಯ ಕಾಲದಲ್ಲಿ ಕೋಟೆ ಕಲ್ಲಿನದಾಯಿತು. 1791ರಲ್ಲಿ ಇಂಗ್ಲಿಷರು ಅದನ್ನು ಒಡೆದು ಒಳಗೆ ಬಂದರು. ಆಮೇಲೆ ಬರಬರುತ್ತಾ ಗೋಡೆಯನ್ನು ಕಿತ್ತು ರಸ್ತೆ ಮಾಡಿದರು, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ ಕಟ್ಟಿದರು. ಉಳಿದ ಚೂರುಪಾರು ಎಲ್ಲೆಲ್ಲಿದೆ ಎಂದು ತಿಳಿಯಬೇಕಾದರೆ ನಡೆಯಬೇಕು. ಆ ನಡಿಗೆ ಶುರುವಾಗುವುದೇ ಮಾರ್ಕೆಟ್ಟಿನಿಂದ.

ಹೂವಿನ ಸಂತೆ ಕಟ್ಟಡದ ಒಳಗೆ ತಗ್ಗಿನಲ್ಲಿದೆ. ಇಳಿದು ಹೋದೆ. ನೆಲ ಒದ್ದೆ, ಜಾರುತ್ತದೆ, ಚಪ್ಪಲಿ ಗಟ್ಟಿಯಾಗಿರಬೇಕು. ಸೇವಂತಿಗೆ, ಚೆಂಡುಹೂವು, ಸುಗಂಧರಾಜ, ಗುಲಾಬಿ, ಕನಕಾಂಬರ, ಮರುಗ, ದವನ, ತುಳಸಿ. ಬಿಡಿ ಹೂವು ಕೆಜಿ ಲೆಕ್ಕ, ಕಟ್ಟಿದ್ದು ಮಾರಿನ ಲೆಕ್ಕ. ಹೊಸೂರು, ಮಾಲೂರು, ಚಿಕ್ಕಬಳ್ಳಾಪುರದ ಕಡೆಯಿಂದ ರಾತ್ರಿಯೇ ಹೊರಟ ಮೂಟೆಗಳನ್ನು ಇಲ್ಲಿ ಬಿಚ್ಚಿ ಸುರಿಯುತ್ತಾರೆ. ಬಸವನಗುಡಿಯ ಗುಡಿಯ ಹಾರವೂ ಚಾಮರಾಜಪೇಟೆಯ ಮದುವೆ ಮಂಟಪದ ತೋರಣವೂ ಈ ರಾಶಿಗಳಿಂದಲೇ ಎದ್ದು ಹೋಗುತ್ತವೆ.

ಮೆಟ್ಟಿಲ ಪಕ್ಕದಲ್ಲಿ ಒಬ್ಬ ಹೆಂಗಸು ಕಾಕಡ ಕಟ್ಟುತ್ತಿದ್ದರು. ಅಲ್ಲೇ ನಿಂತೆ. ಎಡಗೈಯ ಎರಡು ಬೆರಳ ನಡುವೆ ಎರಡು ಮೊಗ್ಗನ್ನು ಈ ಕಡೆಗೆ ಮುಖ ಮಾಡಿ, ಇನ್ನೆರಡನ್ನು ಆ ಕಡೆಗೆ ಮುಖ ಮಾಡಿ, ತೊಟ್ಟುಗಳು ಒಂದರ ಮೇಲೊಂದು ಕೂಡುವಂತೆ ಇಡುತ್ತಾರೆ. ಬಲಗೈ ದಾರವನ್ನು ತೊಟ್ಟಿನ ಸುತ್ತ ತಂದು, ಕುಣಿಕೆ ಮಾಡಿ, ಎಳೆಯುತ್ತದೆ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಕಡಿಮೆಯಾದರೆ ಹೂವು ಜಾರುತ್ತದೆ. ಇಷ್ಟೆಲ್ಲ ನಡೆಯುವಾಗ ಅವರ ಕಣ್ಣು ಹೂವಿನ ಮೇಲಿರಲಿಲ್ಲ, ಗಿರಾಕಿಗಳ ಮೇಲಿತ್ತು.

"ಮೊಳ ಎಷ್ಟಮ್ಮಾ?" ಎಂದು ಕೇಳಿದೆ.

"ಮೊಳ ಎಲ್ಲ ಮನೆ ಹತ್ರ ಅಣ್ಣ. ಇಲ್ಲಿ ಮಾರು ತಗೊಳ್ಳಿ."

ಎರಡೂ ಕೈ ಅಗಲಿಸಿ ಅಳೆದರು. ಅಳತೆ ಮುಗಿದ ಮೇಲೆ ನಾಲ್ಕು ಬೆರಳಷ್ಟು ಕೊಸರು ಬಿಟ್ಟು ಕತ್ತರಿಸಿ, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. ಕೊಸರಿನ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೇಲಿನ ಅಂತಸ್ತಿಗೆ ಹತ್ತಿ ಬಗ್ಗಿ ನೋಡಿದರೆ ಈಗಷ್ಟೇ ದಾಟಿ ಬಂದ ಸಂತೆ ಹಳದಿ, ಕೇಸರಿ, ಬಿಳಿ ತುಂಡುಗಳಾಗಿ ಕೆಳಗೆ ಹರಡಿರುತ್ತದೆ. ಎಲ್ಲರೂ ಫೋಟೊ ತೆಗೆಯುವುದು ಇಲ್ಲಿ ನಿಂತೇ. ನನಗೆ ಮಾತ್ರ ಚೆಂಡುಹೂವಿನ ಹಳದಿಯ ಮೇಲೆಯೇ ಕಣ್ಣು ನಿಂತಿತು. ದಸರೆಗೂ ದೀಪಾವಳಿಗೂ ಬೇಕೇ ಬೇಕಾದ ಈ ಹೂವಿನ ಮೂಲ ಮೆಕ್ಸಿಕೊ. ಸುಗಂಧರಾಜವೂ ಅಲ್ಲಿಯದೇ. ಹೊರಗೆ ಮೂಟೆಗಟ್ಟಲೆ ಬಿದ್ದಿದ್ದ ಹಸಿಮೆಣಸಿನಕಾಯಿ, ಟೊಮ್ಯಾಟೊ, ಪಪ್ಪಾಯಿ, ಸೀಬೆ ಎಲ್ಲವೂ ಅಟ್ಲಾಂಟಿಕ್‌ನ ಆಚೆಯವು. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಕಾಲಿಟ್ಟ ಮೇಲೆ ಈಚೆಗೆ ದಾಟಿ ಬಂದಂಥವು. ಬಂದು ನಮ್ಮ ದೇವರ ಮುಡಿಗೂ ನಮ್ಮ ಸಾರಿಗೂ ಸೇರಿಹೋದವು. ಈ ಸಂತೆಯಲ್ಲಿ ಅವು ಹೊರಗಿನವು ಎಂದರೆ ಯಾರೂ ನಂಬಲಿಕ್ಕಿಲ್ಲ.

ಕುಂಕುಮ, ಅರಿಸಿನವನ್ನು ಗೋಪುರದಂತೆ ಏರಿಸಿಟ್ಟ ಅಂಗಡಿಗಳು, ಹಿತ್ತಾಳೆ ದೀಪ, ತಾಮ್ರದ ಚೊಂಬು, ಇನ್ನೂ ಮುಂದೆ ಸುತ್ತಿಗೆ, ಗರಗಸ, ಹಗ್ಗ. ಇವನ್ನು ಬೇಗ ದಾಟಿದೆ.

ಹೊರಗೆ ಬಂದು ಹಳೆಯ ಕಟ್ಟಡದ ಮುಂಭಾಗಕ್ಕೆ ನಡೆದೆ. ಕಮಾನುಗಳಿರುವ ಈ ಕಟ್ಟಡದ ಅಂದ ನೋಡಲು ಎದುರಿನ ಬದಿಗೆ ಹೋಗಿ ಕತ್ತೆತ್ತಬೇಕು. ಕೆಳಗಿನ ಅರ್ಧಕ್ಕೆ ಪ್ಲಾಸ್ಟಿಕ್ ಹೊದಿಕೆ, ಕೊಡೆ, ತಳ್ಳುಗಾಡಿಗಳು ಅಡ್ಡ. ಮಾರುಕಟ್ಟೆ 1928ರದು, ಹೆಸರು ನಾಲ್ವಡಿ ಕೃಷ್ಣರಾಜ ಒಡೆಯರದು. ಅದಕ್ಕೂ ಮೊದಲು ಇಲ್ಲಿ ಸಿದ್ದಿಕಟ್ಟೆ ಎಂಬ ಕೆರೆಯಿತ್ತು ಎನ್ನುತ್ತಾರೆ. ನೀರು ನಿಂತಿದ್ದ ತಗ್ಗಿನಲ್ಲೇ ಈಗ ಹೂವಿನ ಸಂತೆ ನಡೆಯುತ್ತಿದೆಯೋ ಏನೋ, ಇಳಿಯುವಾಗ ಹಾಗನ್ನಿಸಿತು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದು ಬೀದಿದೀಪಗಳು ಉರಿದಾಗಲೂ ಈ ಕಟ್ಟಡ ಇರಲಿಲ್ಲ. ಕೋಟೆಗೂ ಪೇಟೆಗೂ ನಡುವಿನ ಬಯಲು ಇದು. 1791ರ ಮಾರ್ಚಿನಲ್ಲಿ ಗುಂಡು ಹಾರಿದ್ದು ಈ ಬಯಲಿನ ಆಸುಪಾಸಿನಲ್ಲೇ.

ಇಲ್ಲಿಂದ ಕೃಷ್ಣರಾಜೇಂದ್ರ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟೆ. ಬಸ್ಸು, ಆಟೊಗಳ ನಡುವೆ ರಸ್ತೆ ದಾಟಲು ಒಂದು ಗುಂಪಿನ ಜೊತೆ ಸೇರಿಕೊಳ್ಳುವುದು ಒಳ್ಳೆಯದು. ಸ್ವಲ್ಪ ದೂರದಲ್ಲೇ ರಸ್ತೆಯ ಬದಿಗೆ ಒಂದು ಫಲಕವಿದೆ. ಹುಡುಕಿಕೊಂಡು ಹೋದವರಿಗೆ ಮಾತ್ರ ಕಾಣುವಂಥದ್ದು. ಈ ಒಡಕಿನ ಮೂಲಕವೇ ಬ್ರಿಟಿಷರ ದಾಳಿ ನಡೆಯಿತು ಎಂಬರ್ಥದ ಇಂಗ್ಲಿಷ್ ಬರಹ. ದಿನಾಂಕ 1791ರ ಮಾರ್ಚ್ 21.

ಮೂರನೆಯ ಮೈಸೂರು ಯುದ್ಧ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಮಾರ್ಚ್ 7ರಂದು ಹಲಸೂರು ಬಾಗಿಲ ಕಡೆಯಿಂದ ಪೇಟೆಗೆ ನುಗ್ಗಿತು. ಪೇಟೆ ಕೈಗೆ ಸಿಕ್ಕ ಮೇಲೆ ಕೋಟೆಯ ಗೋಡೆಗೆ ಫಿರಂಗಿ ಹಚ್ಚಿ, ದಿನಗಟ್ಟಲೆ ಹೊಡೆದು, ಒಂದು ಕಡೆ ಗೋಡೆ ಕುಸಿಯುವಂತೆ ಮಾಡಿದರು. 21ರ ರಾತ್ರಿ ಬೆಳದಿಂಗಳಲ್ಲಿ ಏರಿ ಬಂದರು. ಟಿಪ್ಪುವಿನ ಸೈನ್ಯ ಹತ್ತಿರದಲ್ಲೇ ಇದ್ದರೂ ವೇಳೆಗೆ ಒದಗಲಿಲ್ಲ. ಕೋಟೆಯ ಕಿಲ್ಲೇದಾರ ಬಹದ್ದೂರ್ ಖಾನ್ ಕಾದಾಡುತ್ತಲೇ ಬಿದ್ದ. ಅವನೊಂದಿಗೆ ಸತ್ತವರು ನೂರಾರು ಜನ. ಫಲಕದಲ್ಲಿ ಅವನ ಹೆಸರಿಲ್ಲ. ಗೆದ್ದವರು ತಮ್ಮ ಗೆಲುವಿಗೆ ಹಾಕಿಕೊಂಡ ಕಲ್ಲು ಇದು. ಅದನ್ನು ತೆಗೆಯಬೇಕು ಎಂದು ನಾನು ಹೇಳುವುದಿಲ್ಲ, ಅದೂ ಒಂದು ದಾಖಲೆ. ಆದರೆ ಗೋಡೆ ಕಾದವರ ಬಗ್ಗೆ, ಎರಡು ವಾರ ಫಿರಂಗಿಯ ಸದ್ದಿನಲ್ಲಿ ಕಳೆದ ಪೇಟೆಯ ಜನರ ಬಗ್ಗೆ, ಅದರ ಪಕ್ಕದಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ ಹಾಕಬೇಕು. ಈ ದಾರಿಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ, ಓದುತ್ತಾರೆ.

ಅಲ್ಲಿ ನಿಂತಾಗ ಕೆರಿಬಿಯನ್ ಮತ್ತೆ ನೆನಪಾಯಿತು, ಅದಕ್ಕೆ ಕಾರಣ ಕಾರ್ನ್‌ವಾಲಿಸ್. ಇಲ್ಲಿ ಗೆದ್ದ ಇವನೇ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾಗಿದ್ದವನು. ಅಲ್ಲಿ ಅವನಿಗೆ ಸಮುದ್ರದ ದಾರಿ ಕಟ್ಟಿದ್ದು ಕೆರಿಬಿಯನ್‌ನ ಸಾನ್ ಡೊಮಿಂಗ್‌ನಿಂದ, ಕಾಪ್ ಫ್ರಾನ್ಸೆ ಎಂಬ ಬಂದರಿನಿಂದ ಹೊರಟ ಫ್ರೆಂಚ್ ಹಡಗುಗಳು. ಬೆಂಗಳೂರಿನ ಕೋಟೆ ಬಿದ್ದ ಐದೇ ತಿಂಗಳಿಗೆ, 1791ರ ಆಗಸ್ಟಿನಲ್ಲಿ, ಅದೇ ಬಂದರಿನ ಸುತ್ತಲ ಕಬ್ಬಿನ ತೋಟಗಳ ಗುಲಾಮರು ಫ್ರೆಂಚ್ ಒಡೆಯರ ಮೇಲೆ ತಿರುಗಿಬಿದ್ದರು. 1804ರಲ್ಲಿ ಆ ನೆಲ ಹೈಟಿ ಎಂಬ ಸ್ವತಂತ್ರ ದೇಶವಾಯಿತು. ಒಂದೇ ವರ್ಷದಲ್ಲಿ ಇಲ್ಲೊಂದು ಗೋಡೆ ಬಿತ್ತು, ಅಲ್ಲೊಂದು ಆಳ್ವಿಕೆ ಅಲುಗಾಡಿತು.

ಇನ್ನೊಂದಷ್ಟು ಹೆಜ್ಜೆಗೆ ಕೋಟೆಯೇ ಸಿಕ್ಕಿತು. ಅಂದರೆ ಕೋಟೆಯ ದೆಹಲಿ ಬಾಗಿಲು ಮತ್ತು ಅದಕ್ಕೆ ಅಂಟಿಕೊಂಡ ಒಂದಿಷ್ಟು ಗೋಡೆ. ಸುತ್ತಳತೆ ಸುಮಾರು ಒಂದು ಮೈಲಿಯಿದ್ದ ಮೊಟ್ಟೆಯಾಕಾರದ ಕೋಟೆಯಲ್ಲಿ ಉಳಿದಿರುವುದು ಇಷ್ಟೇ. ಎತ್ತರದ ಮರದ ಬಾಗಿಲು, ಮೈತುಂಬ ಕಬ್ಬಿಣದ ಗುಬುಟು. ಕಲ್ಲಿನ ಗೋಡೆಗೆ ಕೈಯಿಟ್ಟೆ. ಆಳೆತ್ತರದ ಕಲ್ಲುಗಳನ್ನು ಒಂದಕ್ಕೊಂದು ಹೊಂದಿಸಿ ಕೂರಿಸಿದ ಕೆಲಸ ಇವತ್ತಿಗೂ ಸಡಿಲಾಗಿಲ್ಲ. ಅಲ್ಲಲ್ಲಿ ತಾವರೆ, ಹಕ್ಕಿ, ಆನೆಯ ಉಬ್ಬುಗೆತ್ತನೆಗಳಿವೆ. ಕೆಲವು ಎಷ್ಟು ಸವೆದಿದ್ದವೆಂದರೆ ಗಿಳಿಯೋ ನವಿಲೋ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಒಳಗೆ ಹೋದರೆ ರಸ್ತೆಯ ಸದ್ದು ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತದೆ. ಅಂಗಳದಲ್ಲಿ ಗಣಪತಿಯ ಗುಡಿ. ಹೈದರನ, ಟಿಪ್ಪುವಿನ ಕೋಟೆಯ ಕಮಾನುಗಳೂ ಈ ಗಣಪತಿಯೂ ಅಕ್ಕಪಕ್ಕದಲ್ಲಿ ಇವೆ. ಗುಡಿಗೆ ಬಂದ ಒಬ್ಬ ಅಜ್ಜಿ ಕೈಮುಗಿದು ಹೊರಟುಹೋದರು, ಕಮಾನಿನ ಕಡೆ ನೋಡಲೂ ಇಲ್ಲ. ಒಂದು ಪಕ್ಕಕ್ಕೆ ಸೆರೆಮನೆ ಎಂದು ತೋರಿಸುವ ಕೋಣೆ. ಡೇವಿಡ್ ಬೇರ್ಡ್ ಮತ್ತು ಇತರ ಬ್ರಿಟಿಷ್ ಸೆರೆಯಾಳುಗಳು 1784ರ ಬಿಡುಗಡೆಗೆ ಮೊದಲು ಇಲ್ಲಿದ್ದರು ಎಂದು ಅಲ್ಲಿನ ಫಲಕ ಹೇಳುತ್ತದೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕ ಈ ಬೇರ್ಡ್, 1799ರಲ್ಲಿ ಶ್ರೀರಂಗಪಟ್ಟಣದ ಕೊನೆಯ ದಾಳಿಯಲ್ಲಿ ಸೈನ್ಯದ ಮುಂದೆ ನಿಂತವನು. ಕೋಣೆಯೊಳಗೆ ಬೆಳಕು ಸಾಲದು.

ಮತ್ತೆ ರಸ್ತೆಗೆ ಬಂದು ದಕ್ಷಿಣಕ್ಕೇ ನಡೆದರೆ ಎಲ್ಲವೂ ಹಳೆಯ ಕೋಟೆಯ ನೆಲವೇ. ವಾಣಿವಿಲಾಸ ಆಸ್ಪತ್ರೆಯ ಮುಂದೆ ಬಾಣಂತಿಯರ ಮನೆಯವರು ಫ್ಲಾಸ್ಕ್ ಹಿಡಿದು ಕೂತಿದ್ದರು. ಹತ್ತಿರದಲ್ಲೇ ವಿಕ್ಟೋರಿಯಾ ಆಸ್ಪತ್ರೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ತುಂಬಿದ 1897ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅದಕ್ಕೆ ಅಡಿಗಲ್ಲಿಟ್ಟರು, 1900ರಲ್ಲಿ ವೈಸರಾಯ್ ಕರ್ಜನ್ ಬಂದು ತೆರೆದ. ರಾಣಿಯ ಹೆಸರು ಕಟ್ಟಡದ ಮೇಲಿದೆ. ಅದರ ಉಪಯೋಗ ಮಾತ್ರ ನಾಡಿನ ಮೂಲೆಮೂಲೆಯಿಂದ ಬರುವ ಬಡವರದು.

ಮುಂದಿನ ಕೂಡುರಸ್ತೆಯ ಹೆಸರು ಗಮನಿಸಿ: ಆಲೂರು ವೆಂಕಟರಾವ್ ರಸ್ತೆ. ಮೊದಲು ಇದು ಆಲ್ಬರ್ಟ್ ವಿಕ್ಟರ್ ರಸ್ತೆ, ಇಂಗ್ಲೆಂಡಿನ ರಾಜಕುಮಾರನ ಹೆಸರಿನದು. ಕರ್ನಾಟಕದ ಏಕೀಕರಣಕ್ಕೆ ಜೀವ ತೇದವರ ಹೆಸರು ಅಲ್ಲಿಗೆ ಬಂದಿರುವುದು ನನಗೆ ಬಹಳ ಸಂತೋಷದ ಸಂಗತಿ.

ಇಲ್ಲಿ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ ಪಕ್ಕಪಕ್ಕದಲ್ಲಿವೆ. ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು, 1689ರ ಸುಮಾರಿನದು. ಯುದ್ಧದಲ್ಲಿ ಟಿಪ್ಪುವಿಗೆ ಬರುತ್ತಿದ್ದ ಗುಂಡಿಗೆ ದೇವಸ್ಥಾನದ ಮುಂದಿನ ಕಂಬ ಅಡ್ಡ ನಿಂತು ಅವನ ಜೀವ ಉಳಿಸಿತು ಎಂಬ ಮಾತಿದೆ. ಕಂಬವನ್ನು ಒಂದು ಸುತ್ತು ಬಂದೆ. ಯಾವ ಗುರುತು ಗುಂಡಿನದು, ಯಾವುದು ಮಳೆಗಾಳಿಯದು ಎಂದು ನನ್ನ ಕಣ್ಣಿಗೆ ತಿಳಿಯಲಿಲ್ಲ.

ಅರಮನೆ ತೇಗದ್ದು. ಹೈದರಾಲಿ 1781ರಲ್ಲಿ ಶುರುಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಕೋಟೆ ಕೈತಪ್ಪಿದ ವರ್ಷವೂ ಅದೇ. ಕೆಳಗೆ ನಿಂತು ಮೇಲೆ ನೋಡಿದರೆ ಉದ್ದುದ್ದ ಕಂಬಗಳು ಎರಡಂತಸ್ತಿನ ಎತ್ತರಕ್ಕೆ ಹೋಗಿ ಕಮಾನುಗಳಾಗಿ ಕೂಡುತ್ತವೆ. ಗೋಡೆಯ ಬಣ್ಣದ ಹೂಬಳ್ಳಿಗಳು ಬಹುಪಾಲು ಮಾಸಿವೆ. ನೆರಳಿರುವ ಮೂಲೆಗಳಲ್ಲಿ ಕೆಂಪು, ಹಸಿರು ಉಳಿದಿದೆ. ಕಿರಿದಾದ, ಕಡಿದಾದ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಹೋದೆ. ಸುಲ್ತಾನ ದರ್ಬಾರು ನಡೆಸುತ್ತಿದ್ದ ಕಟ್ಟಡವಿದು, ಆಮೇಲೆ 1831ರಿಂದ 1868ರ ತನಕ ಮೈಸೂರನ್ನು ಆಳಿದ ಬ್ರಿಟಿಷ್ ಕಮಿಷನರುಗಳ ಕಚೇರಿ. ಮೈಸೂರು ರಾಜ್ಯದ ಕಾಗದಪತ್ರವೆಲ್ಲ ಈ ಕಂಬಗಳ ನಡುವೆ ಓಡಾಡಿತ್ತು. ಈಗ ಹೈಕೋರ್ಟ್ ಇರುವ ಅಠಾರ ಕಚೇರಿ ಎದ್ದ ಮೇಲೆ ಅದೆಲ್ಲ ಅಲ್ಲಿಗೆ ಹೋಯಿತು. ಯುದ್ಧದಲ್ಲಿ ಉಳಿದ ಮರದ ಅರಮನೆ ಗುಮಾಸ್ತರ ಕಾಲವನ್ನೂ ದಾಟಿ ಬಂದದ್ದೇ ದೊಡ್ಡದು.

ಕೊನೆಗೆ ಬಂದ ದಾರಿಯಲ್ಲೇ ವಾಪಸು ನಡೆದು, ಮಾರ್ಕೆಟ್ ದಾಟಿ, ಜಾಮಿಯಾ ಮಸೀದಿಯ ಬಿಳಿ ಗೋಪುರಗಳನ್ನು ಹಿಂದೆ ಬಿಟ್ಟು ಅವೆನ್ಯೂ ರಸ್ತೆಗೆ ಬಿದ್ದೆ. ಇದು ಹಳೆಯ ದೊಡ್ಡಪೇಟೆ. ಹೊತ್ತು ಏರಿತ್ತು, ಪುಸ್ತಕದ ಅಂಗಡಿಗಳು, ಬೆಳ್ಳಿ ಪಾತ್ರೆಯವರು, ನೋಟ್‌ಬುಕ್ಕಿನ ಸಗಟು ವ್ಯಾಪಾರಿಗಳು ಬಾಗಿಲೆತ್ತುತ್ತಿದ್ದರು. ಅಡ್ಡರಸ್ತೆಗಳಲ್ಲಿ ಇಣುಕುತ್ತ ಹೋದೆ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ನಗರ್ತಪೇಟೆ, ತಿಗಳರಪೇಟೆ: ಏನು ಮಾರುತ್ತಿದ್ದರು, ಯಾರು ಇದ್ದರು ಎಂಬುದು ಹೆಸರಿನಲ್ಲೇ ಇದೆ. ಹಲಸೂರು ಬಾಗಿಲು ಹೋಗಿ ಕಾಲವಾಯಿತು, ಆದರೂ ಆಟೊದವರಿಗೆ "ಹಲಸೂರು ಗೇಟ್" ಅಂದರೆ ಸಾಕು. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದಲೇ ನಾಲ್ಕು ಜೋಡಿ ಎತ್ತುಗಳು ನಾಲ್ಕು ದಿಕ್ಕಿಗೆ ನೇಗಿಲು ಎಳೆದು ಊರಿನ ಬೀದಿಗಳನ್ನು ಗುರುತಿಸಿದವು ಎಂಬ ಐತಿಹ್ಯ ಬೆಂಗಳೂರಿಗರಿಗೆಲ್ಲ ಗೊತ್ತು. ಅಲ್ಲಿ ನಿಂತು ನಾಲ್ಕೂ ಕಡೆ ನೋಡಬೇಕು ಅನ್ನಿಸಿದರೆ ಅಂಗಡಿಯ ಜಗಲಿ ಹತ್ತುವುದು ಮೇಲು, ಬೀದಿಯಲ್ಲಿ ನಿಲ್ಲಲು ಗಾಡಿಗಳು ಬಿಡುವುದಿಲ್ಲ.

ಹೋಗುವವರು ಹೂವಿನ ಸಂತೆಯನ್ನು ನಸುಕಿನಲ್ಲೇ ನೋಡಿಬಿಡಿ, ಕೋಟೆಯೂ ಅರಮನೆಯೂ ಬಾಗಿಲು ತೆಗೆಯುವುದು ಆಮೇಲೆ. ನಡುವಿನ ಹೊತ್ತಿಗೆ ಇಡ್ಲಿ, ಕಾಫಿಗೆ ಸಣ್ಣ ಹೋಟೆಲುಗಳು ಬೇಕಾದಷ್ಟಿವೆ. ಪೇಟೆ ನೋಡಬೇಕಿದ್ದರೆ ಭಾನುವಾರ ಬೇಡ, ಸಗಟು ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ. ದೆಹಲಿ ಬಾಗಿಲ ಗುಬುಟುಗಳನ್ನು ಮುಟ್ಟಿ ನೋಡಲಿ, ರಸ್ತೆ ಬದಿಯ ಆ ಫಲಕದ ಮುಂದೆ ನಿಂತಾಗ ಬಹದ್ದೂರ್ ಖಾನನ ಹೆಸರನ್ನು ನೀವೇ ಹೇಳಿ.